ಪಿಸ್ತೂಲು ಅಂದ್ರೆ ಇಷ್ಟೇನಾ?

[ಮನೆಯವರ ಗ್ರೂಪಲ್ಲಿ ಮೋಹನ್ ಮಾವ ಹಂಚಿದ ಚಿತ್ರ: 2024ರ ಪ್ಯಾರಿಸ್ ಒಲಿಂಪಿಕ್ಸ್, ಟರ್ಕಿಯ ಪಿಸ್ತೂಲ್ ಶೂಟರ್ ಯೂಸುಫ್ ದಿಕೆಚ್]

ಮೋಹನ್ ಮಾವ: ಜೇಬಲ್ಲಿ ಕೈ ಇಟ್ಕೊಂಡು ಬೆಳ್ಳಿ ತಗೊಂಡು ಹೋದ! ಪಿಸ್ತೂಲು ಅಂದ್ರೆ ಇಷ್ಟೇ. ಕಷ್ಟ ಇರೋದು ಗಾಳಿಗೆ ಹಾರಿಸೋ ಮಣ್ಣಿನ ತಟ್ಟೆ ಹೊಡೆಯೋದ್ರಲ್ಲಿ. ನಮ್ಮ ಸೈನ್ಯದ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದ್ರು. ಒಟ್ಟಿಗೇ ಎರಡು ತಟ್ಟೆ ಹಾರತ್ತೆ, ಎರಡನ್ನೂ ಹೊಡೀಬೇಕು.

ರಶ್ಮಿ: ಮಾವ, ರಾಥೋಡ್ ಅವರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆ ಕೈ ಜೇಬಲ್ಲಿರೋದು ಶೋಕಿಗಲ್ಲ. ಪಿಸ್ತೂಲು ಒಂದೇ ಕೈಯಲ್ಲಿ ಹಿಡೀಬೇಕು ಅನ್ನೋದೇ ನಿಯಮ. ಇನ್ನೊಂದು ಕೈ ಜೋತಾಡಿದ್ರೆ ಮೈಯೆಲ್ಲ ಅಲ್ಲಾಡತ್ತೆ, ಅದಕ್ಕೆ ಜೇಬಲ್ಲೋ ಬೆಲ್ಟಲ್ಲೋ ಸಿಕ್ಕಿಸ್ತೀವಿ. ಅದೇ ಮಿಶ್ರ ಜೋಡಿ ಸ್ಪರ್ಧೆಯಲ್ಲೇ ನಮ್ಮ ಮನು ಭಾಕರ್, ಸರಬ್ಜೋತ್ ಸಿಂಗ್ ಕಂಚು ಗೆದ್ದಿದ್ದು.

ಚೇತನ್: ಅಕ್ಕಾ, ನನ್ ಕೇಳಿದ್ರೆ ನಾನು ಹೊಡೆಯೋ ರೈಫಲ್ಲೇ ಕಷ್ಟ. 10 ಮೀಟರ್‌ನಲ್ಲಿ ನಿಮ್ಮ ಪಿಸ್ತೂಲ್ ಗುರಿಯ ಹತ್ತು ಅಂಕದ ವೃತ್ತ 11.5 ಮಿ.ಮೀ. ನಮ್ಮದು ಅರ್ಧ ಮಿ.ಮೀ. ಚುಕ್ಕಿ. ಲೆಕ್ಕ ಮುಗೀತು.

ರಶ್ಮಿ: ಮುಗೀಲಿಲ್ಲ ಕಣೋ. ನಿಂಗೆ ಗಟ್ಟಿ ಜಾಕೆಟ್ ಇದೆ, ಪ್ಯಾಂಟ್ ಇದೆ, ಭುಜಕ್ಕೆ ಒತ್ತಿಕೊಳ್ಳೋಕೆ ಬಂದೂಕಿನ ಹಿಂಬದಿ, ಅದೇ ಬಟ್ ಇದೆ, ಮೊಣಕೈನ ಸೊಂಟಕ್ಕೆ ಕೊಟ್ಟು ನಿಲ್ತೀಯ. ನಂಗೆ ಚಾಚಿದ ತೋಳೊಂದೇ. ಪ್ಯಾರಿಸ್‌ನ ವೈಯಕ್ತಿಕ ಅರ್ಹತಾ ಸುತ್ತಲ್ಲಿ ಮನು 600ಕ್ಕೆ 580 ಹೊಡೆದು ಮೂರನೇ ಸ್ಥಾನ. ಅಷ್ಟು ದೊಡ್ಡ ಹತ್ತು ಇದ್ದೂ 20 ಅಂಕ ಹೋಯ್ತು! ನಿಮ್ಮ ರೈಫಲ್‌ನಲ್ಲಿ ಅಂಕ ದಶಮಾಂಶದಲ್ಲಿ, ಗುಂಡಿಗೆ 10.9ರವರೆಗೆ; ಅರ್ಜುನ್ ಬಬುತಾ 60 ಗುಂಡಿಗೆ 630.1, ಅಂದ್ರೆ ಗುಂಡಿಗೆ ಸರಾಸರಿ 10.5. ನಿಮ್ಮಲ್ಲಿ ಒಂದು ಒಂಬತ್ತು ಬಂದ್ರೂ ಸಾಕು, ಹಿಂದೆ ಬೀಳ್ತೀರ, ಆ ಒತ್ತಡ ನಂಗೆ ಗೊತ್ತು. ನಮ್ಮಲ್ಲಿ ಕೈ ಪೂರ್ತಿ ನಿಲ್ಲೋದೇ ಇಲ್ಲ. ಅದು ಅಲ್ಲಾಡ್ತಿರೋವಾಗ್ಲೇ ಟ್ರಿಗರ್ ಒತ್ತಬೇಕು. ನಿಂತ ಮೇಲೆ ಒತ್ತೋಣ ಅಂತ ಕಾದವರೇ ಎಂಟು ಹೊಡೆಯೋದು.

ಚೇತನ್: ಸರಿ, 50 ಮೀಟರ್ ತ್ರೀ ಪೊಸಿಷನ್? ಮಂಡಿಯೂರಿ, ಮಲಗಿ, ನಿಂತು, ಜೊತೆಗೆ ಗಾಳಿ. ಸ್ವಪ್ನಿಲ್ ಕುಸಾಳೆ ಕಂಚು ಅದ್ರಲ್ಲೇ.

ರಶ್ಮಿ: ಅದು ರೈಫಲ್‌ನಲ್ಲೇ ಅತಿ ಕಷ್ಟದ್ದು, ವಾದ ಇಲ್ಲ. ಬರೀ ವೃತ್ತದ ಅಳತೆ ಹಿಡ್ಕೊಂಡು ತೂಗಬೇಡ ಅಂತಷ್ಟೇ ನಾನ್ ಹೇಳ್ತಿರೋದು.

ಸುಮಾ ಅತ್ತೆ: ಹಾಗಾದ್ರೆ ಎಲ್ಲಕ್ಕಿಂತ ಕಷ್ಟ ಯಾವ್ದೇ?

ರಶ್ಮಿ: ನನ್ನ ಪ್ರಕಾರ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲ್, ಅತ್ತೆ. ಐದು ಗುರಿ, ಒಂದೊಂದಕ್ಕೆ ಒಂದು ಗುಂಡು. ಮೊದಲು 8 ಸೆಕೆಂಡಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. ಸೂಚನೆ ಬರೋವರೆಗೂ ಕೈ ಕೆಳಗಿರಬೇಕು. ಎತ್ತೋದು, ಐದೂ ಹೊಡೆಯೋದು ಎಲ್ಲಾ ಆ 4 ಸೆಕೆಂಡಲ್ಲೇ. ಮಾವ, 2012ರಲ್ಲಿ ಲಂಡನ್‌ನಲ್ಲಿ ಇದ್ರಲ್ಲಿ ಬೆಳ್ಳಿ ತಂದ ವಿಜಯ್ ಕುಮಾರ್ ಕೂಡ ನಿಮ್ಮ ಸೈನ್ಯದವರೇ. ಅವರ ಫೋಟೋ ಯಾರೂ ಫಾರ್ವರ್ಡ್ ಮಾಡಲ್ಲ, ನಂಗೆ ಅದೇ ಬೇಜಾರು.

ಮೋಹನ್ ಮಾವ: ವಿಜಯ್ ಕುಮಾರ್ ಹೆಸರು ಹೇಳಿದ್ಮೇಲೆ ಪಿಸ್ತೂಲು ಸುಲಭ ಅನ್ನಲ್ಲಮ್ಮ. ಆದ್ರೂ ನಿನ್ನ ಐದು ಗುರಿ ಇದ್ದಲ್ಲೇ ಇರತ್ತೆ. ಟ್ರ್ಯಾಪಲ್ಲಿ ತಟ್ಟೆ ಎಡಕ್ಕೋ ಬಲಕ್ಕೋ ಗೊತ್ತಿರಲ್ಲ, ಗಾಳಿ ಬೇರೆ ಎತ್ತಿ ಹಾಕತ್ತೆ. ಸ್ಕೀಟ್ ಅಂತ ಇನ್ನೊಂದು ತಟ್ಟೆ ಸ್ಪರ್ಧೆ ಇದ್ಯಲ್ಲ, ಅದ್ರಲ್ಲಂತೂ ತಟ್ಟೆ ಕಾಣೋವರೆಗೂ ಬಂದೂಕು ಸೊಂಟದ ಹತ್ರ!

ರಶ್ಮಿ: ಸ್ಕೀಟ್ ಬಗ್ಗೆ ನೀವು ಹೇಳಿದ್ದು ನಿಜ. ಆದ್ರೆ ನಮಗೆ ಗುರಿ ಗೊತ್ತಿದ್ರೂ ಟೈಮಿಲ್ಲ. ಭಾನುವಾರ ರೇಂಜಿಗೆ ಬನ್ನಿ ಮಾವ, ಖಾಲಿ ಪಿಸ್ತೂಲು ಕೊಡ್ತೀನಿ, ಒಂದು ನಿಮಿಷ ತೋಳು ಚಾಚಿ ಹಿಡೀರಿ. ಆಮೇಲೆ ಮಾತಾಡೋಣ.

ಮೋಹನ್ ಮಾವ: ಬರ್ತೀನಿ. ಎಷ್ಟೊತ್ತಿಗೆ?