ಮಿಷಿನ್ನೂ ನೂಲೂ ನಮ್ಮದೇ, ಆದರೂ ಸಾಲಕ್ಕೆ ಸೈಟ್ ಪತ್ರವೇ ಬೇಕಂತೆ. ಈ ಕಾನೂನು ಬದಲಾಗಬೇಕಲ್ಲವೇ?

ಫಿಲೇಚರ್ ಶಿಡ್ಲಘಟ್ಟ:

ನಮ್ಮದು ಶಿಡ್ಲಘಟ್ಟದಲ್ಲಿ ಮಲ್ಟಿಎಂಡ್ ಫಿಲೇಚರ್, ಅಂದರೆ ರೇಷ್ಮೆ ಗೂಡಿನಿಂದ ಮಿಷಿನ್ನಲ್ಲಿ ನೂಲು ಬಿಚ್ಚೋ ಘಟಕ. ಶೆಡ್ ಬಾಡಿಗೆಯದು. ಮಿಷಿನ್, ಬಾಯ್ಲರ್, ಡ್ರೈಯರ್ ಎಲ್ಲ ಸ್ವಂತದ್ದು. ಗೂಡು ಮಾರುಕಟ್ಟೆಯಲ್ಲಿ ಹರಾಜು ಕೂಗಿದರೆ ದುಡ್ಡನ್ನು ಆವತ್ತೇ ಕಟ್ಟಬೇಕು. ಆರೂವರೆ ಏಳು ಕೆಜಿ ಗೂಡು ಬೇಯಿಸಿ ಬಿಚ್ಚಿದರೆ ಒಂದು ಕೆಜಿ ನೂಲು. ಅದನ್ನು ತಗೊಂಡು ಹುರಿ ಹಾಕೋ ಟ್ವಿಸ್ಟರ್ ಮಾತ್ರ ದುಡ್ಡು ಕೊಡೋದು ವಾರಗಟ್ಟಲೆ ಆದಮೇಲೆ. ಈ ನಡುವಿನ ದಿನಗಳನ್ನು ದಾಟೋಕೇ ನಮಗೆ ಸಾಲ ಬೇಕು.

ಒಂದು ಬ್ಯಾಂಕಿಗೆ ಹೋದೆ. ಮಿಷಿನ್ ಬಿಲ್ಲು, ನೂಲಿನ ಲೆಕ್ಕ, ಮಾರುಕಟ್ಟೆ ಚೀಟಿ ಎಲ್ಲ ಮುಂದಿಟ್ಟೆ. ಮ್ಯಾನೇಜರ್ ಮರ್ಯಾದೆಯಾಗೇ ಮಾತಾಡಿದರು, ಆದರೆ ಕೇಳಿದ್ದು ಸೈಟ್ ಪತ್ರ. ಸೈಟ್ ಇಲ್ಲ. ಕೊನೆಗೆ ನಮ್ಮ ಮನೆಯವರ ಸರ ಗಿರವಿಗೆ ಹೋಯಿತು. ಚಿನ್ನಕ್ಕೆ ಕೇಳಿದ ತಕ್ಷಣ ಸಾಲ ಸಿಗುತ್ತೆ. ರಿಸರ್ವ್ ಬ್ಯಾಂಕಿನ 2025ರ ನಿಯಮದ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲವಾದರೆ ಚಿನ್ನದ ಬೆಲೆಯ ಶೇ. 85ರವರೆಗೆ ಕೊಡಬಹುದು. ನಮ್ಮ ಸರಕಿನ ರೇಟೂ ದಿನಾ ಎಲ್ಲರಿಗೂ ಗೊತ್ತಾಗುತ್ತೆ. ದುಡಿಯೋ ಮಿಷಿನ್ನಿಗೆ ಇಲ್ಲದ ಬೆಲೆ ಪೆಟ್ಟಿಗೆಯಲ್ಲಿ ಕೂತ ಒಡವೆಗೆ ಯಾಕೆ? ಕಾನೂನಿನಲ್ಲೇ ಕೊರತೆ ಇದೆಯಾ, ಇಲ್ಲ ಬ್ಯಾಂಕಿನವರಿಗೆ ಮನಸ್ಸಿಲ್ಲವಾ? ತಿಳಿದವರು ಹೇಳಿ.

ನಿವೃತ್ತ ಬ್ಯಾಂಕ್ ನೌಕರ, ಚಿಂತಾಮಣಿ:

ಎರಡೂ ಇದೆ. ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತವನಾಗಿ ಹೇಳ್ತೀನಿ.

ಚಿನ್ನ ಕೊಟ್ಟರೆ ಅದು ನಮ್ಮ ಲಾಕರಿನಲ್ಲಿರುತ್ತೆ. 1872ರ ಕರಾರು ಕಾಯ್ದೆಯಲ್ಲಿ ಗಿರವಿ ಅಂದರೆ ವಸ್ತು ಸಾಲ ಕೊಟ್ಟವನ ಕೈ ಸೇರಬೇಕು. ನಿಮ್ಮ ಮಿಷಿನ್ ಲಾಕರಿಗೆ ಬಂದರೆ ನೀವು ನೂಲು ಬಿಚ್ಚೋದು ಹೇಗೆ? ಅದಕ್ಕೇ ಹೈಪೋಥಿಕೇಷನ್ ಅಂತ ಮಾಡ್ತೀವಿ: ವಸ್ತು ನಿಮ್ಮ ಹತ್ತಿರವೇ, ಹಕ್ಕು ಬ್ಯಾಂಕಿನದು. ಆ ಹಳೇ ಕಾಯ್ದೆಯಲ್ಲಿ ಇದರ ಸುದ್ದಿಯೇ ಇಲ್ಲ. ಸಾಲ ಕೆಟ್ಟಾಗ ಬ್ಯಾಂಕು ಕೋರ್ಟಿಗೆ ಹೋಗದೇ ಅಡ ಇಟ್ಟ ಆಸ್ತಿ ವಶ ಮಾಡಿಕೊಳ್ಳೋಕೆ ಬಿಡೋ 2002ರ ಸರ್ಫೇಸಿ ಕಾಯ್ದೆ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು.

ಬ್ಯಾಂಕಿನವರಿಗೆ ಇರೋ ದೊಡ್ಡ ಭಯ, ಅದೇ ಸರಕಿನ ಮೇಲೆ ಇನ್ನೂ ಯಾರ್ಯಾರು ಸಾಲ ಕೊಟ್ಟಿದ್ದಾರೋ ಅನ್ನೋದು. ಜಮೀನಿಗಾದರೆ ಋಣಭಾರ ಪತ್ರ ತೆಗೆಸಿ ನೋಡಬಹುದು. ಗಾಡಿಗಾದರೆ ಆರ್‌ಸಿಯಲ್ಲೇ ಬರೆದಿರುತ್ತೆ. ಕಂಪನಿಯಾದರೆ ಕಂಪನಿ ರಿಜಿಸ್ಟ್ರಾರ್ ಹತ್ತಿರ ದಾಖಲೆ ಇರುತ್ತೆ. ನಿಮ್ಮಂಥ ಒಬ್ಬ ಮಾಲೀಕರ ಫಿಲೇಚರಿಗೆ ಬಹಳ ಕಾಲ ಏನೂ ಇರಲಿಲ್ಲ. ಸೆರ್ಸಾಯ್ ಅನ್ನೋ ಕೇಂದ್ರ ನೋಂದಣಿ 2011ರಲ್ಲಿ ಶುರುವಾದಾಗ ಅದು ಮುಖ್ಯವಾಗಿ ಮನೆ, ಜಮೀನಿನ ಅಡಮಾನಕ್ಕೆ. ಯಂತ್ರ, ದಾಸ್ತಾನು, ಬರಬೇಕಾದ ಬಾಕಿ, ಇವೆಲ್ಲ ಅದರೊಳಗೆ ಬಂದಿದ್ದು 2016ರಲ್ಲಿ. ನೋಂದಾಯಿಸಿದವನಿಗೇ ಮೊದಲ ಹಕ್ಕು ಅನ್ನೋ ನಿಯಮ ಜಾರಿಯಾಗಿದ್ದು 2020ರ ಜನವರಿಯಲ್ಲಿ. ಶಾಖೆಗಳಲ್ಲಿ ಇನ್ನೂ ಹಳೇ ಅಭ್ಯಾಸ ಹೋಗಿಲ್ಲ.

ದಾಸ್ತಾನಿನ ಕಷ್ಟ ಬೇರೆ. ತಿಂಗಳಿಗೊಮ್ಮೆ ನೀವು ಕೊಡೋ ಸ್ಟಾಕ್ ಸ್ಟೇಟ್‌ಮೆಂಟ್ ನಂಬಿ, ಕಾಲು ಭಾಗ ಮಾರ್ಜಿನ್ ಕಳೆದು ಸಾಲದ ಲಿಮಿಟ್ ಹಾಕ್ತೀವಿ. ಸಾಲ ಕೆಟ್ಟ ದಿನ ಹೋಗಿ ನೋಡಿದರೆ ಗೋಡೌನ್ ಖಾಲಿ. ಇದನ್ನು ಕಂಡ ಮ್ಯಾನೇಜರ್ ಮುಂದಿನವರ ಹತ್ತಿರ ಸೈಟ್ ಪತ್ರ ಕೇಳ್ತಾನೆ.

ಒಂದು ಮಾತು ನೆನಪಿಟ್ಟುಕೊಳ್ಳಿ. ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು, 2026ರಲ್ಲಿ ಆ ಮಿತಿಯನ್ನು 20 ಲಕ್ಷಕ್ಕೆ ಏರಿಸಿದೆ. ಸಣ್ಣ ಉದ್ದಿಮೆಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿ ಇಟ್ಟುಕೊಂಡು ಲಿಖಿತವಾಗಿ ಅರ್ಜಿ ಕೊಡಿ. ಕೊಡಲ್ಲ ಅಂದರೆ ಕಾರಣವನ್ನೂ ಲಿಖಿತವಾಗಿ ಕೇಳಿ.

ರಾಗಿ ಮುದ್ದೆ, ಕೋಲಾರ:

ನ್ಯೂಜಿಲೆಂಡ್ 1999ರಲ್ಲಿ ಚರಾಸ್ತಿಗೆ ಒಂದೇ ಕಾನೂನು ಮಾಡಿ 2002ರಿಂದ ಒಂದೇ ನೋಂದಣಿ ನಡೆಸ್ತಿದೆ. ಆಸ್ಟ್ರೇಲಿಯಾದಲ್ಲಿ 2012ರಿಂದ ಇದೆ. ನಮ್ಮಲ್ಲಿ ಗಾಡಿಗೊಂದು ಕಡೆ, ಕಂಪನಿಗೊಂದು ಕಡೆ, ಉಗ್ರಾಣದ ರಸೀದಿಗೆ 2007ರ ಇನ್ನೊಂದು ಕಾಯ್ದೆ. ಎಲ್ಲ ಒಂದೇ ಕಡೆ ತರಲಿ, ಮುಗೀತು.

ವಕೀಲೆ, ಚಿಕ್ಕಬಳ್ಳಾಪುರ:

ಅಷ್ಟಕ್ಕೇ ಮುಗಿಯಲ್ಲ. ಮನೆಯಲ್ಲಿರುವುದನ್ನೆಲ್ಲ ಸುಲಭವಾಗಿ ಅಡ ಇಡಬಹುದು ಅಂತಾದರೆ ಅಷ್ಟೇ ಸುಲಭವಾಗಿ ಎತ್ತಿಕೊಂಡೂ ಹೋಗಬಹುದು. ಆ ಕಡೆಯ ಕೆಲಸ ನನ್ನ ಮೇಜಿಗೆ ಬರುತ್ತೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿ. ಕೋರ್ಟ್ ಡಿಕ್ರಿ ಇದ್ದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ, ಬೇಸಾಯದ ಸಾಮಾನು, ರೈತನ ಜೀವನಕ್ಕೆ ಬೇಕಾದ ದನ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ. ಸರ್ಫೇಸಿ ಕಾಯ್ದೆಯ 31ನೇ ಕಲಂ ಕೂಡ ಈ ರಕ್ಷಣೆಯನ್ನು ಒಪ್ಪುತ್ತೆ. ಆದರೆ ಆ ಸಾಲಕ್ಕೇ ಅಂತ ನೀವು ಬರೆದುಕೊಟ್ಟ ವಸ್ತುವಿಗೆ ರಕ್ಷಣೆ ಇಲ್ಲ. ಅಂದರೆ ಚರಕ ಅಡ ಇಟ್ಟವನು ಕಾಗದಕ್ಕೆ ಸಹಿ ಹಾಕಿದ ದಿನವೇ ಆ ರಕ್ಷಣೆಯನ್ನು ಕಳೆದುಕೊಳ್ತಾನೆ.

ಹಣಕಾಸು ಕಂಪನಿಗಳಿಗೆ ಸರ್ಫೇಸಿ ಅಧಿಕಾರ ಸಿಗೋದು 20 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಸಾಲಕ್ಕೆ. ಅದಕ್ಕಿಂತ ಸಣ್ಣ ಸಾಲದಲ್ಲಿ ಕರಾರಿನ ಕೊನೇ ಪುಟದ ಒಂದು ಸಾಲು ತೋರಿಸಿ ಗಾಡಿ ಎಳೆದುಕೊಂಡು ಹೋಗ್ತಾರೆ. ಬಲಪ್ರಯೋಗದ ವಸೂಲಿ ಸಲ್ಲದು ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು. ಆದರೂ ಕರ್ನಾಟಕ 2025ರ ಫೆಬ್ರವರಿಯಲ್ಲಿ ಮೈಕ್ರೋ ಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು.

ಆದ್ದರಿಂದ ಹೊಸ ಕಾನೂನು ಬರಲಿ, ಆದರೆ ಯಾವ ಸಹಿಯಿಂದಲೂ ಕಳೆಯಲಾಗದ ಒಂದು ಪಟ್ಟಿ ಅದರಲ್ಲಿರಲಿ. ಒಂಟಿ ಹಸು, ಹೊಲಿಗೆ ಮಿಷಿನ್, ಚರಕ ಆ ಪಟ್ಟಿಯಲ್ಲಿರಲಿ. ಗಿರವಿಯಲ್ಲಿ ಮಾರುವ ಮುಂಚೆ ನೋಟಿಸ್ ಕೊಡಬೇಕು, ಮಾರಾಟ ಆಗೋವರೆಗೂ ಹಣ ಕಟ್ಟಿ ಬಿಡಿಸಿಕೊಳ್ಳಬಹುದು, ಮಿಕ್ಕ ದುಡ್ಡು ಸಾಲಗಾರನಿಗೇ ವಾಪಸ್. 1872ರ ಕಾಯ್ದೆಯ ಈ ಮೂರು ಮಾತು ಹೈಪೋಥಿಕೇಷನ್ನಿಗೂ ಅಕ್ಷರಶಃ ಬರಲಿ.

ಫಿಲೇಚರ್ ಶಿಡ್ಲಘಟ್ಟ:

ಮೇಡಂ ಹೇಳಿದ ಪಟ್ಟಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಒಂದು ವಿಷಯ ನೀವಿಬ್ಬರೂ ಬಿಟ್ಟಿರಿ. ನಮ್ಮ ನೂಲು ಈಗಾಗಲೇ ಅಡದಲ್ಲಿದೆ, ಯಾವ ದಾಖಲೆಯಲ್ಲೂ ಇಲ್ಲ ಅಷ್ಟೆ. ಬ್ಯಾಂಕಿನಲ್ಲಿ ಸಿಗದ ದುಡ್ಡನ್ನು ವ್ಯಾಪಾರಿ ಮುಂಗಡ ಅಂತ ಕೊಡ್ತಾನೆ. ಬಡ್ಡಿ ಬೇಡ ಅಂತಾನೆ. ಆಮೇಲೆ ನೂಲನ್ನು ಅವನಿಗೇ ಹಾಕಬೇಕು, ಅವನು ಹೇಳಿದ ರೇಟಿಗೇ. ಕೆಜಿಗೆ ಮಾರುಕಟ್ಟೆಗಿಂತ ಎಷ್ಟು ಕಡಿಮೆಯೋ ಅದೇ ಬಡ್ಡಿ. ನೂಲು ಬಿಚ್ಚೋ ನೂರಾರು ಚಿಕ್ಕ ರೀಲರ್‌ಗಳು ಹೀಗೇ ಬದುಕ್ತಿದ್ದಾರೆ, ಕಾಟೇಜ್ ಬೇಸಿನ್ ಅನ್ನೋ ಸಣ್ಣ ಘಟಕ ಇಟ್ಟವರಂತೂ ಕೇಳಲೇಬೇಡಿ. ಮುಂಗಡ ತೀರೋದೇ ಇಲ್ಲ, ಯಾಕಂದರೆ ಗೂಡಿನ ರೇಟ್ ಏರಿದಾಗ ಮತ್ತೆ ಅವನ ಹತ್ತಿರವೇ ಹೋಗಬೇಕು.

ಹಾಗಾಗಿ ಆ ನೋಂದಣಿಯೊಳಗೆ ವ್ಯಾಪಾರಿಯೂ ಬರಲಿ. ಮುಂಗಡ ಕೊಟ್ಟವನು ದಾಖಲಿಸಲಿ, ದಾಖಲಿಸದವನಿಗೆ ನೂಲಿನ ಮೇಲೆ ಹಕ್ಕಿಲ್ಲ ಅಂತಾಗಲಿ. ಆಗ ಬ್ಯಾಂಕಿಗೂ ಧೈರ್ಯ ಬರುತ್ತೆ, ನಮಗೂ ಬೇರೆಯವರಿಗೆ ಮಾರೋ ಸ್ವಾತಂತ್ರ್ಯ ಸಿಗುತ್ತೆ. ನನಗೆ ಈ ಸುಧಾರಣೆಯಲ್ಲಿ ಎಲ್ಲಕ್ಕಿಂತ ಬೇಕಾಗಿರೋದು ಇದೇ.

ಇನ್ನೊಂದು ಕೇಳಬೇಕಿತ್ತು. ವಿಜಯಪುರದ ಕಡೆ ಒಬ್ಬರು ಫಿಲೇಚರ್ ಮುಚ್ಚಿ ಮಿಷಿನ್ ಮಾರ್ತಿದ್ದಾರೆ. ಸಾಲ ಇಲ್ಲ ಅಂತಾರೆ. ನಂಬೋದು ಹೇಗೆ?

ನಿವೃತ್ತ ಬ್ಯಾಂಕ್ ನೌಕರ, ಚಿಂತಾಮಣಿ:

ಮುಂಗಡದ ಮಾತು ಸರಿಯಾಗಿ ಹೇಳಿದಿರಿ. ಬ್ಯಾಂಕಲ್ಲದೆ ಸಾಲ ಕೊಡೋ ಬೇರೆಯವರನ್ನೂ ಸೆರ್ಸಾಯ್ ವ್ಯಾಪ್ತಿಗೆ ತರೋಕೆ 2016ರ ತಿದ್ದುಪಡಿಯಲ್ಲೇ ಬಾಗಿಲು ಇಟ್ಟಿದ್ದಾರೆ. ಅದನ್ನು ಹಳ್ಳಿ ವ್ಯಾಪಾರಿಯವರೆಗೆ ತಲುಪಿಸೋ ಕೆಲಸ ಆಗಬೇಕು.

ಮಿಷಿನ್ ವಿಷಯಕ್ಕೆ: ಸೆರ್ಸಾಯ್ ಜಾಲತಾಣದಲ್ಲಿ ಸಾರ್ವಜನಿಕರೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಮಾಲೀಕರ ಹೆಸರಿನಲ್ಲೂ ನೋಡಿ, ಫಿಲೇಚರಿನ ಹೆಸರಿನಲ್ಲೂ ನೋಡಿ. ಅಲ್ಲಿ ಏನೂ ಸಿಗದಿದ್ದರೂ ಅವರು ವ್ಯವಹಾರ ಮಾಡ್ತಿದ್ದ ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನೋ ಪತ್ರ ತರಿಸಿ. ರೇಷ್ಮೆ ಇಲಾಖೆಯ ಸಹಾಯಧನದಲ್ಲಿ ತಗೊಂಡ ಮಿಷಿನ್ನಾ ಅಂತಲೂ ಕೇಳಿ, ಹಾಗಿದ್ದರೆ ಮಾರೋಕೆ ಷರತ್ತು ಇದೆಯಾ ಅಂತ ಇಲಾಖೆಯಲ್ಲೇ ವಿಚಾರಿಸಿ. ಮಿಷಿನ್ ನಂಬರ್ ಹಾಕಿ ಕ್ರಯದ ಕರಾರು ಬರೆಸಿ, ಹಳೇ ಸಾಲ ಹೊರಬಿದ್ದರೆ ಮಾರಿದವರೇ ಹೊಣೆ ಅಂತ ಸೇರಿಸಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ.