ಮಗು ಆಸ್ಪತ್ರೆ ಸೇರಿದಾಗ ಏನು ಕೇಳಬೇಕು, ಏನು ಸಿಗುತ್ತದೆ: ಪ್ರಶ್ನೋತ್ತರ

ನಿರ್ವಾಹಕರು: ಈ ವಾರ ಉತ್ತರ ಕೊಡುವವರು ಮಕ್ಕಳ ಆಸ್ಪತ್ರೆಯ ಅನುಭವವಿರುವ ನಾಲ್ವರು. ಒಬ್ಬರು ವಾರ್ಡ್ ನರ್ಸ್, ಒಬ್ಬರು ಅರಿವಳಿಕೆ ವೈದ್ಯರು, ಒಬ್ಬರು ಚೈಲ್ಡ್ ಲೈಫ್ ತಜ್ಞೆ (ಆಟದ ಮೂಲಕ ಮಕ್ಕಳನ್ನು ಚಿಕಿತ್ಸೆಗೆ ಅಣಿಗೊಳಿಸುವವರು), ಒಬ್ಬರು ವೈದ್ಯಕೀಯ ಸಮಾಜ ಕಾರ್ಯಕರ್ತೆ. ರಿಪೋರ್ಟ್ ಫೋಟೋ ಹಾಕಬೇಡಿ, ಮಗುವಿನ ಹೆಸರು ಬರೆಯಬೇಡಿ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಮುಂದಿನ ವಾರ ಹರ್ನಿಯಾ ಆಪರೇಷನ್. ಈಗಲೇ ಹೇಳಬೇಕಾ, ಆ ದಿನ ಬೆಳಿಗ್ಗೆ ಹೇಳಿದರೆ ಸಾಕಾ?

ಚೈಲ್ಡ್ ಲೈಫ್ ತಜ್ಞೆ: ನಾಲ್ಕರ ವಯಸ್ಸಿಗೆ ಒಂದೆರಡು ದಿನ ಮುಂಚೆ ಹೇಳಿದರೆ ಸರಿ. ವಾರ ಮುಂಚೆ ಹೇಳಿದರೆ ಆ ವಾರವೆಲ್ಲ ಭಯದಲ್ಲೇ ಕಳೆಯುತ್ತಾನೆ, ಬಾಗಿಲಿಗೆ ಬಂದ ಮೇಲೆ ಹೇಳಿದರೆ ಮೋಸ ಮಾಡಿದರು ಅನ್ನಿಸುತ್ತದೆ. ಎರಡು-ಮೂರು ವರ್ಷದವರಿಗೆ ಹಿಂದಿನ ದಿನ ಅಥವಾ ಅದೇ ದಿನ ಸಾಕು. ಶಾಲೆಗೆ ಹೋಗುವ ಮಕ್ಕಳಿಗೆ ಐದಾರು ದಿನ ಬೇಕು, ಅವರಿಗೆ ಪ್ರಶ್ನೆಗಳು ರಾತ್ರಿ ಮಲಗಿದ ಮೇಲೆ ಹುಟ್ಟುತ್ತವೆ. ಹದಿಹರೆಯದವರನ್ನು ದಿನಾಂಕ ಗೊತ್ತುಮಾಡುವಾಗಲೇ ಜೊತೆಗೆ ಕೂರಿಸಿಕೊಳ್ಳಿ.

ಏನು ಹೇಳಬೇಕು ಅಂದರೆ, ಮಗು ನೋಡುವುದು, ಕೇಳುವುದು, ಮುಟ್ಟುವುದು. ‘ಮೂಗಿನ ಮೇಲೆ ಮೆತ್ತಗಿನ ಮಾಸ್ಕ್ ಇಡುತ್ತಾರೆ, ಅದಕ್ಕೊಂದು ವಾಸನೆ ಇರುತ್ತದೆ, ನೀನು ಊದಬೇಕು. ಔಷಧದಿಂದ ನಿದ್ದೆ ಬರುತ್ತದೆ, ಡಾಕ್ಟರ್ ಕೆಲಸ ಮುಗಿಯೋವರೆಗೆ ಎಚ್ಚರ ಆಗಲ್ಲ, ಆಮೇಲೆ ಎಬ್ಬಿಸುತ್ತಾರೆ.’ ಕತ್ತರಿಸುವುದು, ಹೊಲಿಯುವುದು ಅವನಾಗಿ ಕೇಳದಿದ್ದರೆ ಬೇಡ. ಕೇಳಿದರೆ ಸುಳ್ಳು ಬೇಡ. ‘ಏನೂ ನೋಯಲ್ಲ’ ಅನ್ನುವ ಮಾತು ಮೊದಲ ಸೂಜಿಗೇ ಸುಳ್ಳಾಗುತ್ತದೆ, ಆಮೇಲೆ ನೀವು ಹೇಳುವ ನಿಜವನ್ನೂ ಮಗು ನಂಬುವುದಿಲ್ಲ. ಬಹಳಷ್ಟು ಮಕ್ಕಳ ಆಸ್ಪತ್ರೆಗಳಲ್ಲಿ ಗೊಂಬೆ, ನಿಜವಾದ ಮಾಸ್ಕ್, ಸೂಜಿಯಿಲ್ಲದ ಸಿರಿಂಜ್ ಕೊಟ್ಟು ಆಡಿಸುತ್ತಾರೆ. ಆಟದಲ್ಲಿ ಮಗು ಗೊಂಬೆಗೆ ಮಾಡುವುದನ್ನು ನೋಡಿದರೆ ಅವನ ತಲೆಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಗೊಂಬೆಯ ಕಾಲನ್ನೇ ಕಟ್ಟಿಹಾಕುತ್ತಿದ್ದರೆ, ಕಾಲು ತೆಗೆಯುತ್ತಾರೆ ಅಂದುಕೊಂಡಿರಬಹುದು. ತಪ್ಪು ತಿಳಿವಳಿಕೆ ಸಿಗುವುದು, ತಿದ್ದುವುದು ಅಲ್ಲೇ.

ಪ್ರಶ್ನೆ: ಡ್ರಿಪ್ ಹಾಕುವಾಗ ನನ್ನನ್ನು ಹೊರಗೆ ಕಳಿಸಿ ಮೂವರು ಹಿಡಿದುಕೊಂಡಿದ್ದರು. ಈಗ ಬಿಳಿ ಕೋಟು ಕಂಡರೆ ಅಳುತ್ತಾಳೆ. ಬೇರೆ ದಾರಿಯೇ ಇಲ್ಲವಾ?

ವಾರ್ಡ್ ನರ್ಸ್: ಇದೆ. ಆದರೆ ಅದಕ್ಕೆ ಒಂದು ಗಂಟೆ ಮುಂಚೆ ಶುರುಮಾಡಬೇಕು, ಅಲ್ಲೇ ಎಲ್ಲ ತಪ್ಪುವುದು. ಲಿಡೊಕೇನ್ ಮತ್ತು ಪ್ರಿಲೊಕೇನ್ ಸೇರಿದ ಮರಗಟ್ಟಿಸುವ ಕ್ರೀಮ್ ಚರ್ಮದ ಮೇಲೆ ದಪ್ಪಗೆ ಹಚ್ಚಿ, ಪಾರದರ್ಶಕ ಪಟ್ಟಿ ಮುಚ್ಚಿ ಕನಿಷ್ಠ 60 ನಿಮಿಷ ಬಿಡಬೇಕು. ಹತ್ತು ನಿಮಿಷಕ್ಕೆ ಒರೆಸಿ ಚುಚ್ಚಿದರೆ ಹಚ್ಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಈ ಕ್ರೀಮ್ ರಕ್ತನಾಳವನ್ನು ಸ್ವಲ್ಪ ಕುಗ್ಗಿಸುತ್ತದೆ, ಚರ್ಮ ಬೆಳ್ಳಗಾಗುತ್ತದೆ. ಹಾಗಾಗಿ ಒರೆಸಿ ಐದು-ಹತ್ತು ನಿಮಿಷ ಕಾದರೆ ನಾಳ ಮತ್ತೆ ಕಾಣುತ್ತದೆ. ಎರಡು ಜಾಗಕ್ಕೆ ಹಚ್ಚಿಸಿ, ಮೊದಲನೆಯದು ಸಿಗದಿದ್ದರೆ ಎರಡನೆಯದಿರಲಿ. ಅಮೆಥೊಕೇನ್ ಜೆಲ್ ಆದರೆ ಅರ್ಧದಿಂದ ಮುಕ್ಕಾಲು ಗಂಟೆ. ಗಾಯವಾದ ಚರ್ಮಕ್ಕೆ ಬೇಡ. ಎಳೆ ಮಕ್ಕಳಿಗೆ ಎಷ್ಟು ಹಚ್ಚಬೇಕು ಅನ್ನುವುದನ್ನು ವೈದ್ಯರೇ ಹೇಳಬೇಕು, ಪ್ರಿಲೊಕೇನ್ ಹೆಚ್ಚಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಡಿಮೆಯಾಗುತ್ತದೆ.

ಎರಡನೆಯದು ಭಂಗಿ. ಅಂಗಾತ ಮಲಗಿಸಿ ಅದುಮಿದರೆ ಯಾವ ಮಗುವೂ ಹೆದರುತ್ತದೆ. ನೀವು ಕುರ್ಚಿಯಲ್ಲಿ ಕೂತು, ಮಗುವನ್ನು ನಿಮ್ಮತ್ತ ಮುಖಮಾಡಿ ಎದೆಗೆ ಒರಗಿಸಿಕೊಳ್ಳಿ, ಕಾಲುಗಳು ನಿಮ್ಮ ಸೊಂಟದ ಎರಡೂ ಕಡೆ ಇರಲಿ. ಚುಚ್ಚುವ ಕೈ ಮಾತ್ರ ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ, ದಿಂಬಿನ ಮೇಲೆ. ಒಬ್ಬ ನರ್ಸ್ ಮೊಣಕೈ, ಮಣಿಕಟ್ಟು ಹಿಡಿದರೆ ಸಾಕು. ತಬ್ಬಿಕೊಳ್ಳುವುದು ನಿಮ್ಮ ಕೆಲಸ, ಬಲವಾಗಿ ಹಿಡಿಯುವುದು ಅಲ್ಲ.

ಮೂರನೆಯದು ಗಮನ ಬೇರೆಡೆ ಎಳೆಯುವುದು. ಗುಳ್ಳೆ ಊದಿಸುವುದು ಚೆನ್ನಾಗಿ ನಡೆಯುತ್ತದೆ, ಉಸಿರು ನಿಧಾನ ಬಿಡಬೇಕಾಗುತ್ತದಲ್ಲ. ಮಾತಾಡುವವರು ಒಬ್ಬರೇ ಇರಲಿ, ನಾಲ್ಕು ಕಡೆಯಿಂದ ‘ಅಳಬೇಡ ಅಳಬೇಡ’ ಅಂದರೆ ಮಗುವಿಗೆ ಯಾರ ಮಾತೂ ಕೇಳಿಸುವುದಿಲ್ಲ. ಆರೇಳು ತಿಂಗಳೊಳಗಿನ ಕೂಸಿಗೆ ಎದೆಹಾಲು ಕುಡಿಸುತ್ತಲೇ ಚುಚ್ಚಬಹುದು. ಆಗದಿದ್ದರೆ 24% ಸುಕ್ರೋಸ್ ದ್ರಾವಣದ ಕೆಲವು ಹನಿ, ನಾಲಿಗೆಯ ತುದಿಗೆ, ಎರಡು ನಿಮಿಷ ಮುಂಚೆ. ಟ್ಯೂಬಿನಲ್ಲಿ ಹೊಟ್ಟೆಗೆ ಹಾಕಿದರೆ ಪರಿಣಾಮವಿಲ್ಲ, ರುಚಿ ತಾಗಿದರೇ ಅದು ಕೆಲಸ ಮಾಡುವುದು.

ಎಷ್ಟು ಸಲ ಚುಚ್ಚುತ್ತೀರಿ ಅಂತಲೂ ಮೊದಲೇ ಕೇಳಿ. ಎರಡು ಸಲ ಸಿಗದಿದ್ದರೆ ಹೆಚ್ಚು ಕೈಪಳಗಿದವರನ್ನು ಅಥವಾ ಅಲ್ಟ್ರಾಸೌಂಡ್ ಯಂತ್ರವನ್ನು ಕರೆಸುವುದು ಒಳ್ಳೆಯ ಪದ್ಧತಿ. ತುರ್ತು ಸ್ಥಿತಿಯಲ್ಲಿ ಇದ್ಯಾವುದಕ್ಕೂ ಸಮಯವಿರುವುದಿಲ್ಲ, ಅದು ಬೇರೆ ಮಾತು.

ಚೈಲ್ಡ್ ಲೈಫ್ ತಜ್ಞೆ: ಈಗಾಗಲೇ ಹೆದರಿರುವ ಮಗುವಿಗೆ ಒಂದು ಸೇರಿಸುತ್ತೇನೆ. ಸೂಜಿ ಹಾಕುವುದನ್ನು ಮಗುವಿನ ಮಂಚದ ಮೇಲೆ ಮಾಡಿಸಬೇಡಿ, ಪ್ರತ್ಯೇಕ ಕೊಠಡಿ ಕೇಳಿ. ಮಂಚ ಮತ್ತು ಆಟದ ಕೋಣೆ ‘ಇಲ್ಲಿ ಯಾರೂ ಚುಚ್ಚಲ್ಲ’ ಅನ್ನುವ ಜಾಗಗಳಾಗಿ ಉಳಿಯಬೇಕು. ಮತ್ತೆ, ಆಯ್ಕೆ ಕೊಡಿ, ಆದರೆ ನಿಜವಾದ ಆಯ್ಕೆ. ‘ಚುಚ್ಚಲಾ?’ ಅಂದರೆ ಉತ್ತರ ‘ಬೇಡ’ ಅಂತಲೇ ಬರುತ್ತದೆ. ‘ಎಡಗೈಯಾ ಬಲಗೈಯಾ, ನೋಡುತ್ತೀಯಾ ಆ ಕಡೆ ತಿರುಗುತ್ತೀಯಾ’ ಅಂತ ಕೇಳಿ.

ಪ್ರಶ್ನೆ: ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಹಸಿದಿರಬೇಕು? ಒಬ್ಬರು ರಾತ್ರಿಯಿಂದಲೇ ಅಂದರು.

ಅರಿವಳಿಕೆ ವೈದ್ಯರು: ಸಾಮಾನ್ಯ ಲೆಕ್ಕ: ಗಟ್ಟಿ ಆಹಾರ ಮತ್ತು ಪುಡಿ ಹಾಲಿಗೆ 6 ಗಂಟೆ, ಎದೆಹಾಲಿಗೆ 4, ತಿಳಿ ದ್ರವಕ್ಕೆ 2. ತಿಳಿ ದ್ರವವನ್ನು 1 ಗಂಟೆ ಮುಂಚಿನವರೆಗೂ ಬಿಡುವ ಆಸ್ಪತ್ರೆಗಳಿವೆ. ತಿಳಿ ಅಂದರೆ ಲೋಟದ ಆಚೆಗಿನ ಅಕ್ಷರ ಓದಲು ಬರಬೇಕು, ಹಾಲು ಬೆರೆತದ್ದು ಯಾವುದೂ ತಿಳಿಯಲ್ಲ. ನಿಮ್ಮ ಆಸ್ಪತ್ರೆ ಕೊಟ್ಟ ಸಮಯವೇ ಅಂತಿಮ. ಇದು ಯಾಕೆ ಅಂದರೆ, ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು, ಕೆಮ್ಮಿ ತಡೆಯುವ ಶಕ್ತಿ ಆಗ ಇರುವುದಿಲ್ಲ. ಕದ್ದು ತಿನ್ನಿಸಿದ್ದರೆ ಮುಚ್ಚಿಡಬೇಡಿ. ಆಪರೇಷನ್ ಮುಂದೂಡುತ್ತಾರೆ, ಅಷ್ಟೇ.

ಉಲ್ಟಾ ತಪ್ಪೂ ಆಗುತ್ತದೆ. ಒಂಬತ್ತಕ್ಕೆ ಇದ್ದ ಸರದಿ ಹನ್ನೆರಡಕ್ಕೆ ಹೋದಾಗ ಮಗು ಸುಮ್ಮನೆ ಬಾಯಾರಿ ಕೂತಿರುತ್ತದೆ. ಸರದಿ ಬದಲಾದ ತಕ್ಷಣ ‘ಈಗ ನೀರು ಕೊಡಬಹುದಾ, ಎಷ್ಟು ಹೊತ್ತಿನವರೆಗೆ’ ಅಂತ ನೀವೇ ಕೇಳಿ.

ಎಚ್ಚರವಾಗುವಾಗಿನ ಒಂದು ವಿಷಯ ಎಲ್ಲ ಪೋಷಕರಿಗೂ ಗೊತ್ತಿರಬೇಕು. ಮುಖ್ಯವಾಗಿ ಎರಡರಿಂದ ಐದು ವರ್ಷದವರಲ್ಲಿ, ಅನಿಲದ ಅರಿವಳಿಕೆಯ ನಂತರ, ಮಗು ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದೆ ಕಿರುಚಾಡಬಹುದು, ಡ್ರಿಪ್ ಕೀಳಲು ನೋಡಬಹುದು. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಜೋರಾಗಿ ಕರೆದು ಅಲುಗಾಡಿಸಬೇಡಿ. ಬೆಳಕು ಕಡಿಮೆ ಮಾಡಿಸಿ, ಬೀಳದಂತೆ ನೋಡಿಕೊಳ್ಳಿ. ನೋವಿನಿಂದ ಹೀಗಾಗುತ್ತಿದೆಯಾ ಅಂತ ಸಿಬ್ಬಂದಿ ಪರೀಕ್ಷಿಸಲಿ.

ನಿದ್ದೆ ಬರಿಸುವಾಗ ತಂದೆ ಅಥವಾ ತಾಯಿ ಒಳಗೆ ಬರಬಹುದಾ ಅಂತ ಕೇಳುವವರಿಗೆ: ಹಲವು ಕಡೆ ಬಿಡುತ್ತಾರೆ. ಆದರೆ ಗಾಬರಿಗೊಂಡ ಪೋಷಕರಿದ್ದರೆ ಮಗುವಿನ ಗಾಬರಿ ಇಳಿಯುವುದಿಲ್ಲ. ಮಾಸ್ಕ್ ಇಟ್ಟಾಗ ಕಣ್ಣು ಮೇಲಾಗುವುದು, ಕೈಕಾಲು ಒದರುವುದು, ಗೊರಕೆಯಂಥ ಶಬ್ದ ಸಹಜ ಅಂತ ತಿಳಿದುಕೊಂಡು ಬನ್ನಿ. ಆಗಲ್ಲ ಅನ್ನಿಸಿದರೆ ಬೇಡ, ಗಾಬರಿ ಇಳಿಸಿ ಮಂಪರು ಬರಿಸುವ, ಬಾಯಿಂದ ಕೊಡುವ ಮಿಡಜೋಲಾಮ್ ಎಂಬ ಔಷಧ ಇದೆ. ಅದಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು, ಹಾಗಾಗಿ ಮೊದಲೇ ಹೇಳಿ.

ಪ್ರಶ್ನೆ: ಮಗಳು ಅಳುವುದಿಲ್ಲ, ಸುಮ್ಮನೆ ಗೋಡೆ ನೋಡುತ್ತಾಳೆ. ನೋವಿಲ್ಲ ಅಂತ ಔಷಧ ಕೊಡುತ್ತಿಲ್ಲ.

ವಾರ್ಡ್ ನರ್ಸ್: ಸುಮ್ಮನಿರುವ ಮಗುವಿಗೇ ಹೆಚ್ಚು ನೋವಿರಬಹುದು, ಅಲುಗಿದರೆ ನೋಯುತ್ತದೆ ಅಂತ ಅಲುಗುವುದಿಲ್ಲ. ‘ಅಂಕ ಹಾಕಿ ನೋಡಿ’ ಅಂತ ಕೇಳಿ. ಮಾತು ಬಾರದವರಿಗೆ ಎಫ್‌ಎಲ್‌ಎಸಿಸಿ ಅಳತೆ ಇದೆ: ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ರೀತಿ, ತಲಾ 0ರಿಂದ 2, ಒಟ್ಟು 10. ಮೂರ್ನಾಲ್ಕು ವರ್ಷ ಮೇಲ್ಪಟ್ಟವರು ಮುಖಗಳ ಚಿತ್ರ ತೋರಿಸಬಲ್ಲರು, ಎಂಟರ ನಂತರ 0–10 ಸಂಖ್ಯೆ ಹೇಳುತ್ತಾರೆ. ಮುಖಗಳ ಚಿತ್ರದಲ್ಲಿ ಒಂದು ತೊಡಕು: ಪುಟ್ಟವರು ‘ನಿನಗೆ ಬೇಜಾರಾ’ ಅಂತ ಕೇಳಿದರು ಅಂದುಕೊಂಡು ಅಳುವ ಮುಖ ತೋರಿಸುತ್ತಾರೆ. ‘ಹೊಟ್ಟೆ ಎಷ್ಟು ನೋಯುತ್ತಿದೆ’ ಅಂತಲೇ ಕೇಳಬೇಕು. ಮನೆಯಲ್ಲಿ ನೋವಾದಾಗ ಅವಳು ಹೇಗಿರುತ್ತಾಳೆ ಅನ್ನುವುದನ್ನು ಕೇಸ್ ಶೀಟ್‌ನಲ್ಲಿ ಬರೆಸಿ, ಬೆಳವಣಿಗೆ ನಿಧಾನವಿರುವ ಮಕ್ಕಳಲ್ಲಂತೂ ಅದಿಲ್ಲದೆ ಅಂದಾಜು ಸಿಗುವುದಿಲ್ಲ.

ಪ್ರಶ್ನೆ: ಅವಧಿಗೆ ಮುಂಚೆ ಹುಟ್ಟಿದ ಕೂಸು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಗಾಜಿನಾಚೆ ನಿಂತು ನೋಡುವುದಷ್ಟೇನಾ?

ವಾರ್ಡ್ ನರ್ಸ್: ಕೂಸಿನ ಸ್ಥಿತಿ ಸ್ಥಿರವಾಗಿದೆ ಅಂತ ವೈದ್ಯರು ಒಪ್ಪಿದರೆ ಕಾಂಗರೂ ಆರೈಕೆ ಕೇಳಿ, ವೆಂಟಿಲೇಟರ್‌ನಲ್ಲಿರುವ ಕೂಸಿಗೂ ಅನುಭವಿ ತಂಡಗಳು ಮಾಡಿಸುತ್ತವೆ. ಡೈಪರ್, ಟೋಪಿ ಮಾತ್ರ ಹಾಕಿದ ಕೂಸು ನಿಮ್ಮ ಬರಿ ಎದೆಯ ಮೇಲೆ ನೆಟ್ಟಗೆ, ಕಾಲು ಕಪ್ಪೆಯಂತೆ ಮಡಿಸಿ, ಮುಖ ಒಂದು ಪಕ್ಕಕ್ಕೆ, ಗದ್ದ ತುಸು ಎತ್ತರಕ್ಕೆ. ಗದ್ದ ಎದೆಗೆ ಕುಸಿದರೆ ಉಸಿರಿನ ದಾರಿ ಮುಚ್ಚುತ್ತದೆ. ಒಮ್ಮೆ ಎತ್ತಿದರೆ ಕನಿಷ್ಠ ಒಂದು ಗಂಟೆ ಇರಿಸಿಕೊಳ್ಳಿ, ಎತ್ತಿ ಇಡುವುದೇ ಅದಕ್ಕೆ ಆಯಾಸ. ತಂದೆಯೂ ಮಾಡಬಹುದು. ಬೆರಳಿನಿಂದ ಸವರಬೇಡಿ, ಅವಧಿಪೂರ್ವ ಕೂಸಿಗೆ ಅದು ಕಿರಿಕಿರಿ. ಒಂದು ಕೈ ತಲೆಯ ಮೇಲೆ, ಒಂದು ಪಾದದ ಬಳಿ ಅಲುಗದೆ ಇಟ್ಟರೆ ಸಾಕು.

ಹಾಲು ಹಿಂಡುವುದನ್ನು ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ, ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಸೇರಿ. ಮೊದಲೆರಡು ದಿನ ಹನಿಗಳಷ್ಟೇ ಬರುತ್ತವೆ, ಅದನ್ನೇ ಸಿರಿಂಜಿನಲ್ಲಿ ಹಿಡಿಯಿರಿ. ಹಾಲಿಲ್ಲ ಅಂತ ಅಲ್ಲಿಗೇ ಬಿಟ್ಟವರಿಗೆ ಆಮೇಲೆ ತರಿಸುವುದು ಕಷ್ಟ.

ಪ್ರಶ್ನೆ: ಮನೆಯಲ್ಲಿರುವ ಅಣ್ಣನಿಗೆ ಐದು ವರ್ಷ. ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ.

ಚೈಲ್ಡ್ ಲೈಫ್ ತಜ್ಞೆ: ಈ ವಯಸ್ಸಿನವರು ‘ನಾನು ತಳ್ಳಿದ್ದಕ್ಕೆ ತಂಗಿಗೆ ಹೀಗಾಯಿತು’ ಅಂತ ನಂಬಿಬಿಡುತ್ತಾರೆ. ಕೇಳದಿದ್ದರೂ ಹೇಳಿ: ನೀನು ಮಾಡಿದ್ದರಿಂದಾಗಲಿ, ಅಂದುಕೊಂಡದ್ದರಿಂದಾಗಲಿ ಇದು ಬಂದಿಲ್ಲ. ಭೇಟಿಗೆ ಕರೆತರುವ ಮುಂಚೆ ಟ್ಯೂಬುಗಳ ಫೋಟೋ ತೋರಿಸಿ, ಐದು-ಹತ್ತು ನಿಮಿಷ ಸಾಕು, ಸಾಕಾಯಿತು ಅಂದಾಗ ಕರೆದುಕೊಂಡು ಹೋಗಲು ಇನ್ನೊಬ್ಬ ದೊಡ್ಡವರಿರಲಿ. ಕೆಮ್ಮು, ಜ್ವರ ಇದ್ದರೆ ಬೇಡ. ಸೀತಾಳೆ ಸಿಡುಬಿನವರ ಜೊತೆ ಆಡಿದ್ದರೆ 21 ದಿನದವರೆಗೂ ಸಿಬ್ಬಂದಿಯನ್ನು ಕೇಳದೆ ಕರೆತರಬೇಡಿ.

ಪ್ರಶ್ನೆ: ನಾಳೆ ಡಿಸ್ಚಾರ್ಜ್. ಐದು ಔಷಧ ಬರೆದಿದ್ದಾರೆ, ತಲೆ ತಿರುಗುತ್ತಿದೆ.

ವಾರ್ಡ್ ನರ್ಸ್: ಮನೆಗೆ ಹೋದ ಮೇಲಿನ ತಪ್ಪುಗಳಲ್ಲಿ ದೊಡ್ಡದು ಮಿಲಿಗ್ರಾಂ ಮತ್ತು ಮಿಲಿಲೀಟರ್ ಅದಲುಬದಲು. 12 ಕಿಲೋ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ 180 ಮಿಲಿಗ್ರಾಂ ಬರೆದಿದ್ದಾರೆ ಅಂದುಕೊಳ್ಳಿ. 5 ಮಿಲಿಗೆ 120 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ಅದು 7.5 ಮಿಲಿ. 5 ಮಿಲಿಗೆ 250 ಇರುವುದರಲ್ಲಿ 3.6 ಮಿಲಿ. 1 ಮಿಲಿಗೆ 100 ಇರುವ ಡ್ರಾಪ್ಸ್‌ನಲ್ಲಿ 1.8 ಮಿಲಿ. ಬಾಟಲಿ ಬದಲಾದದ್ದು ಗಮನಿಸದೆ ಡ್ರಾಪ್ಸ್‌ನಿಂದ 7.5 ಮಿಲಿ ಕೊಟ್ಟರೆ 750 ಮಿಲಿಗ್ರಾಂ, ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ಚೀಟಿಯಲ್ಲಿ ಮಿಲಿಗ್ರಾಂ, ಮಿಲಿ, ಯಾವ ಬಾಟಲಿ ಮೂರನ್ನೂ ಬರೆಸಿಕೊಳ್ಳಿ. ಚಮಚ ಬೇಡ, ಬಾಯಿಗೆ ಹಾಕುವ ಸಿರಿಂಜ್ ಕೇಳಿ ಪಡೆದು ಗೆರೆಯ ಮೇಲೆ ಪೆನ್ನಿನಿಂದ ಗುರುತು ಮಾಡಿಸಿ. ಕೊನೆಗೆ ನೀವೇ ನರ್ಸ್ ಎದುರು ಔಷಧ ಎಳೆದು, ಯಾವುದು ಎಷ್ಟು ಹೊತ್ತಿಗೆ ಅಂತ ತಿರುಗಿ ಹೇಳಿ. ತಲೆಯಾಡಿಸಿ ಹೊರಡಬೇಡಿ.

ಕೀಮೋ (ಕ್ಯಾನ್ಸರ್ ಔಷಧ) ಪಡೆಯುವ ಅಥವಾ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ಕೊಳವೆ) ಇರುವ ಮಗುವಿಗೆ ಜ್ವರದ ನಿಯಮವೇ ಬೇರೆ. ಹೆಚ್ಚಿನ ಕಡೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಡುರಾತ್ರಿಯಾದರೂ ಫೋನ್ ಮಾಡಬೇಕು, ನಿಮ್ಮ ಘಟಕದ ಅಂಕಿಯನ್ನು ಬರೆಸಿಕೊಳ್ಳಿ. ಫೋನ್‌ಗೆ ಮುಂಚೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಉಳಿಯುತ್ತದೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳುವುದು ಗುರಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಡಿ.

ಪ್ರಶ್ನೆ: ಪ್ಯಾಲಿಯೇಟಿವ್ ತಂಡ ಬಂದು ಮಾತಾಡುತ್ತದೆ ಅಂದರು. ಡಾಕ್ಟರ್ ಕೈಬಿಟ್ಟರು ಅಂತ ಅರ್ಥನಾ?

ಸಮಾಜ ಕಾರ್ಯಕರ್ತೆ: ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಲ್ಲೇ ಮಕ್ಕಳ ಪ್ಯಾಲಿಯೇಟಿವ್ ಆರೈಕೆ ಕಾಯಿಲೆ ಪತ್ತೆಯಾದಾಗಿನಿಂದ ಶುರುವಾಗುತ್ತದೆ, ಮೂಲ ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತದೆ. ನೋವು, ವಾಂತಿ, ನಿದ್ದೆ, ಮನೆಯಲ್ಲಿ ಆರೈಕೆ ಹೇಗೆ ಅನ್ನುವುದು ಅವರ ಕೆಲಸ. ಅನುಮಾನವಿದ್ದರೆ ಅವರನ್ನೇ ನೇರವಾಗಿ ಕೇಳಿ: ಯಾವ ಚಿಕಿತ್ಸೆ ಮುಂದುವರಿಯುತ್ತದೆ, ಯಾವುದು ನಿಲ್ಲುತ್ತದೆ? ಈ ಮಾತುಕತೆಗೆ ತಂದೆತಾಯಿ ಇಬ್ಬರೂ ಇರಿ. ಭಾಷೆ ತೊಡಕಾದರೆ ಅನುವಾದಕರನ್ನು ಕೇಳಿ, ದೊಡ್ಡ ಮಗನ ಕೈಯಲ್ಲಿ ಅನುವಾದ ಮಾಡಿಸಬೇಡಿ.

ಪ್ರಶ್ನೆ: ರಾತ್ರಿ ಜೊತೆಗಿರಲು ಬಿಡುತ್ತಾರಾ? ದೂರದಿಂದ ಬರುವವರು ಎಲ್ಲಿ ಉಳಿಯಬೇಕು? ಶಾಲೆ?

ಸಮಾಜ ಕಾರ್ಯಕರ್ತೆ: ಒಂದು ಕಾಲಕ್ಕೆ ಪೋಷಕರಿಗೆ ಭೇಟಿಯ ಸಮಯ ಮಾತ್ರ ಇರುತ್ತಿತ್ತು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ನಿರ್ಬಂಧವಿಲ್ಲದ ಭೇಟಿಗೆ, ತಾಯಿ ಜೊತೆಗಿರುವುದಕ್ಕೆ ಶಿಫಾರಸು ಮಾಡಿದ ಮೇಲೆ ಪದ್ಧತಿ ನಿಧಾನಕ್ಕೆ ಬದಲಾಯಿತು. ಈಗ ವಾರ್ಡಿನಲ್ಲಿ ಒಬ್ಬರಿಗಾದರೂ ಜಾಗ ಸಾಮಾನ್ಯ, ಐಸಿಯು ನಿಯಮ ಬೇರೆ ಬೇರೆ. ಇಬ್ಬರೂ ಒಟ್ಟಿಗೆ ನಿದ್ದೆಗೆಡುವುದಕ್ಕಿಂತ ಸರದಿ ಹಾಕಿಕೊಳ್ಳಿ. ವೈದ್ಯರು ಬೆಳಗಿನ ಸುತ್ತಿಗೆ ಬರುವ ಹೊತ್ತಿಗೆ ನಿರ್ಧಾರ ಮಾಡಬಲ್ಲವರು ಇರಬೇಕು, ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡಿರಿ.

ಉಳಿಯಲು, ಆಸ್ಪತ್ರೆಯ ಹತ್ತಿರ ಕುಟುಂಬಗಳಿಗಾಗಿ ನಡೆಸುವ ಮನೆಗಳಿರುತ್ತವೆ. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್‌ನ ಮನೆಗಳು ಈಗ ಹಲವು ದೇಶಗಳಲ್ಲಿವೆ. ಇಂಥ ಮನೆಗಳಿಗೆ ಬಹುಪಾಲು ಆಸ್ಪತ್ರೆಯಿಂದಲೇ ಹೆಸರು ಹೋಗಬೇಕು, ಸರದಿಯೂ ಇರುತ್ತದೆ. ಸೇರಿದ ದಿನವೇ ಸಮಾಜ ಕಾರ್ಯಕರ್ತರನ್ನು ಕೇಳಿ. ಬಿಲ್ ಬಂದ ಮೇಲೆ ಬಂದರೆ ಕೆಲವು ನೆರವಿನ ಅರ್ಜಿಗಳ ಗಡುವು ಮುಗಿದಿರುತ್ತದೆ.

ಶಾಲೆಗೆ, ಎಷ್ಟು ದಿನ ಗೈರು ಅನ್ನುವ ವೈದ್ಯರ ಪತ್ರವೊಂದೇ ಸಾಲದು. ಮಗು ಮೆಟ್ಟಿಲು ಹತ್ತಬಹುದಾ, ಮಧ್ಯಾಹ್ನದ ಔಷಧ ಯಾರು ಕೊಡುತ್ತಾರೆ, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆಸಿ. ಕೂದಲು ಉದುರಿದ್ದರೆ, ಸಹಪಾಠಿಗಳಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಮಗುವೇ ನಿರ್ಧರಿಸಲಿ. ಮೊದಲ ವಾರ ಅರ್ಧ ದಿನ ಕಳಿಸಿ ನೋಡಿ.