ಕಡಲತೀರದ 30 ಮೀ. ಟವರ್: ಉಕ್ಕಿನ ಆಂಗಲ್ ತೆಗೆದು ಅದೇ ಅಳತೆಯ ಎಫ್‌ಆರ್‌ಪಿ ಹಾಕಬಹುದೇ?

ಪ್ರಶ್ನೆ
ಕುಮಟಾ ಕಡೆ, ಸಮುದ್ರಕ್ಕೆ ಹತ್ತಿರ ನಾಲ್ಕು ಕಾಲಿನ ಟವರ್. ಕೆಳಗಿನ ಪ್ಯಾನೆಲ್‌ಗಳ 75×75×6 ಮಿ.ಮೀ. ಬ್ರೇಸಿಂಗ್ (ಕಾಲುಗಳನ್ನು ಒಂದಕ್ಕೊಂದು ಕಟ್ಟುವ ಓರೆ ಆಂಗಲ್) ತುಕ್ಕು ಹಿಡಿದಿದೆ, ಬೋಲ್ಟ್‌ಗಳ ನಡುವೆ ಉದ್ದ 1.5 ಮೀ. ಎಫ್‌ಆರ್‌ಪಿ, ಅಂದರೆ ರೆಸಿನ್‌ನಲ್ಲಿ ಅದ್ದಿದ ಗಾಜುನಾರನ್ನು ಅಚ್ಚಿನ ಮೂಲಕ ಎಳೆದು ಮಾಡಿದ (ಪಲ್ಟ್ರೂಡೆಡ್) ಆಂಗಲ್, ಅದೇ ಅಳತೆಯಲ್ಲಿ ಸಿಗುತ್ತಿದೆ. ಕ್ಯಾಟಲಾಗಿನಲ್ಲಿ ಎಳೆತದ ಬಲ 240 ಎಂಪಿಎ, ಮಾಮೂಲಿ ಉಕ್ಕಿನ ಯೀಲ್ಡ್ (ಶಾಶ್ವತವಾಗಿ ಹಿಗ್ಗಲು ಶುರುವಾಗುವ ಮಟ್ಟ) 250. ಹಾಗಾದರೆ ಒಂದಕ್ಕೊಂದು ಬದಲಾಯಿಸಬಹುದಲ್ಲ?

ಉತ್ತರ 1
ಬೇಡ ಸರ್. ಬ್ರೇಸಿಂಗ್ ಸೋಲುವುದು ಎಳೆತದಲ್ಲಲ್ಲ, ಒತ್ತಡದಲ್ಲಿ ಬಾಗಿ. ಅಲ್ಲಿ ಲೆಕ್ಕಕ್ಕೆ ಬರುವುದು ಬಿಗಿತ: ಉಕ್ಕಿಗೆ 200 ಜಿಪಿಎ, ಇ23 ದರ್ಜೆಯ (ಹೆಸರಿನ ಅಂಕಿಯೇ ಬಿಗಿತ) ಎಫ್‌ಆರ್‌ಪಿಗೆ 23. ನಿಮ್ಮ ಆಂಗಲ್‌ನ ಕನಿಷ್ಠ ಆರ್ (ಬಾಗುವಿಕೆಯ ಲೆಕ್ಕಕ್ಕೆ ಬೇಕಾದ ಗೈರೇಶನ್ ತ್ರಿಜ್ಯ) 14.6 ಮಿ.ಮೀ.; ಕಂಬ ಎಷ್ಟು ಭಾರಕ್ಕೆ ಬಾಗುತ್ತದೆಂದು ಹೇಳುವ ಆಯ್ಲರ್ ಸೂತ್ರದಲ್ಲಿ ಉಕ್ಕು ಸುಮಾರು 160 ಕಿ.ನ್ಯೂ. ತಡೆದರೆ ಎಫ್‌ಆರ್‌ಪಿ ಬರೀ 18. ಇನ್ನೂ ಒಂದು ತೊಡಕಿದೆ. ಕಾಲು ಬಾಗದಂತೆ ಹಿಡಿಯುವುದು ಇದೇ ಬ್ರೇಸಿಂಗ್. ಅದು ಮೆತ್ತಗಾದರೆ, ತುಕ್ಕೇ ಇಲ್ಲದ ಕಾಲೂ ಬಾಗುತ್ತದೆ.

ಪ್ರಶ್ನೆ ಕೇಳಿದವರು
ಆಂಗಲ್ ಬದಲು ಚೌಕ ಟ್ಯೂಬ್ ಹಾಕಿದರೆ?

ಉತ್ತರ 1
75×75×6 ಟ್ಯೂಬ್‌ನಲ್ಲಿ ಆಯ್ಲರ್ ಭಾರ 130 ಕಿ.ನ್ಯೂ. ಆಸುಪಾಸಿಗೆ ಏರುತ್ತದೆ. ತೂಕ ಮೀಟರಿಗೆ ಸುಮಾರು 3.1 ಕೆ.ಜಿ., ಉಕ್ಕಿನ ಆಂಗಲ್ 6.8. ಶಿಯರ್ ವಿರೂಪಕ್ಕೂ (ಅಡ್ಡ ಜಾರುವಿಕೆ) ದೀರ್ಘಕಾಲದ ಕ್ರೀಪ್‌ಗೂ (ಭಾರದಡಿ ನಿಧಾನವಾಗಿ ಹೆಚ್ಚುವ ವಿರೂಪ) ಈ 130ರಲ್ಲಿ ಕಡಿತ ಮಾಡಬೇಕು. ಆದರೆ ಭಾರ ಹೀಗೆ ಹೊಂದಿದರೂ ಉದ್ದುದ್ದಕ್ಕೆ ಬಿಗಿತ ಉಕ್ಕಿನ ಕಾಲು ಭಾಗದಷ್ಟೂ ಇಲ್ಲ. ಇಡೀ ಟವರ್‌ನ ಕಂಪ್ಯೂಟರ್ ಮಾದರಿಯನ್ನು ಮತ್ತೆ ಓಡಿಸದೆ ಮುಟ್ಟಬೇಡಿ; ಮೇಲೆ ಮೈಕ್ರೋವೇವ್ ಡಿಶ್ ಇದ್ದರಂತೂ ತುದಿಯ ಓಲಾಟವೇ ನಿರ್ಣಾಯಕ.

ಉತ್ತರ 2
ಅದಕ್ಕಿಂತ ಮೊದಲು ಸೋಲುವುದು ಜೋಡಣೆ. ಇ23ಕ್ಕೆ ನಾರಿನ ದಿಕ್ಕಿನ ಪಿನ್ ಬೇರಿಂಗ್ (ಬೋಲ್ಟ್ ರಂಧ್ರದ ಗೋಡೆಯನ್ನು ಒತ್ತುವಾಗ ಅದು ತಡೆಯುವ ಬಲ) ಕನಿಷ್ಠ 150 ಎಂಪಿಎ. 16 ಮಿ.ಮೀ. ಬೋಲ್ಟ್, 6 ಮಿ.ಮೀ. ಗೋಡೆ ಎಂದರೆ ಒಂದು ಗೋಡೆಗೆ 14.4 ಕಿ.ನ್ಯೂ., ಅದೂ ಸುರಕ್ಷತಾಂಶ ಸೇರಿಸುವ ಮೊದಲು. ಉಕ್ಕು ತುಸು ಯೀಲ್ಡ್ ಆಗಿ ಭಾರವನ್ನು ಪಕ್ಕದ ಬೋಲ್ಟ್‌ಗೆ ದಾಟಿಸುತ್ತದೆ. ಎಫ್‌ಆರ್‌ಪಿ ಹಾಗಲ್ಲ, ಮೊದಲ ಬೋಲ್ಟ್ ಹತ್ತಿರವೇ ಸೀಳುತ್ತದೆ. ಹಾಗಾಗಿ ಬೋಲ್ಟ್ ಸಂಖ್ಯೆ ಹೆಚ್ಚಿಸಿದಷ್ಟೂ ಬಲ ಹೆಚ್ಚುತ್ತದೆಂದು ಎಣಿಸಬೇಡಿ.

ತುದಿಯಿಂದ ಬೋಲ್ಟ್‌ಗೆ ಕನಿಷ್ಠ ವ್ಯಾಸದ ನಾಲ್ಕು ಪಟ್ಟು, ಅಂದರೆ 64 ಮಿ.ಮೀ. ಬಿಡಿ. ರಂಧ್ರವನ್ನು ಪಂಚ್ ಮಾಡಬೇಡಿ, ಪದರ ಬಿಟ್ಟುಕೊಳ್ಳುತ್ತದೆ. ಹಿಂದೆ ಮರದ ತುಂಡು ಒತ್ತಿ ಹಿಡಿದು ಕಾರ್ಬೈಡ್ ಬಿಟ್‌ನಿಂದ ಕೊರೆಯಿರಿ. ಕತ್ತರಿಸಿದ ಅಂಚಿಗೂ ರಂಧ್ರದ ಒಳಮೈಗೂ ರೆಸಿನ್ ಹಚ್ಚಲೇಬೇಕು. ಟ್ಯೂಬ್ ಒಳಗೆ ಸ್ಲೀವ್ ಇಡದೆ ಬೋಲ್ಟ್ ಬಿಗಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಅಗಲ ವಾಷರ್, 316 ಸ್ಟೇನ್‌ಲೆಸ್ ಬೋಲ್ಟ್.

ಉತ್ತರ 3
ನಿಮ್ಮ ಕೇಸಿಗೆ ಉಕ್ಕೇ ಸರಿ: ಹೊಸ ಆಂಗಲ್, ಪೂರ್ತಿ ಕೊರೆದ ಮೇಲೆ ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದುವುದು), ಕನಿಷ್ಠ 610 ಗ್ರಾಂ/ಚ.ಮೀ. ಸತು, ಅದರ ಮೇಲೆ ಎಪಾಕ್ಸಿ ಮತ್ತು ಪಾಲಿಯುರೆಥೇನ್ ಬಣ್ಣ. ಎಫ್‌ಆರ್‌ಪಿ ಮಾಸ್ಟ್ ನಿಜಕ್ಕೂ ಸಲ್ಲುವುದು ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಕ್ಕೆ ದಾರಿ ತೋರುವ ಅಪ್ರೋಚ್ ದೀಪಗಳಿಗೆ. ಅಲ್ಲಿ ವಿಮಾನ ತಗುಲಿದರೆ ಅದು ಮುರಿಯಲೇಬೇಕು. ಮುಂದೆಂದಾದರೂ ಇಡೀ ಟವರನ್ನೇ ಎಫ್‌ಆರ್‌ಪಿಯಲ್ಲಿ ಕಟ್ಟುವುದಾದರೆ ಮೇಲ್ಮೈಗೆ ಯುವಿ ತಡೆಯುವ ವೇಲ್ (ತೆಳು ನಾರಿನ ಹೊದಿಕೆ) ಕೇಳಿ, ಇಲ್ಲವಾದರೆ ಬಿಸಿಲಿಗೆ ನಾರು ಎದ್ದು ಬರುತ್ತದೆ. ಸಿಡಿಲಿಗೆ ತುದಿಯಿಂದ ಭೂಮಿಯವರೆಗೆ 50 ಚ.ಮಿ.ಮೀ. ತಾಮ್ರದ ಡೌನ್ ಕಂಡಕ್ಟರ್ ಬೇರೆಯಾಗಿಯೇ ಇಳಿಸಬೇಕು, ಏಕೆಂದರೆ ಗಾಜುನಾರಿನಲ್ಲಿ ವಿದ್ಯುತ್ ಹರಿಯುವುದಿಲ್ಲ.